ಬೆಂಗಳೂರಿನ ಸ್ಯಾಂಕಿ ಕೆರೆ ಸುತ್ತ ಒಂದು ರೌಂಡ್: ಅಜ್ಜಿ, ಮೊಮ್ಮಗು ಇಬ್ಬರನ್ನೂ ಕರೆದುಕೊಂಡು ಹೋಗಬಹುದಾ?

ಭಾನುವಾರದ ಅಪ್ಪ:
ಊರಿನಿಂದ ಅಮ್ಮ ಬಂದಿದ್ದಾರೆ. ತಿಪಟೂರು ಕಡೆಯವರು, ತೋಟದಲ್ಲಿ ಓಡಾಡಿ ಅಭ್ಯಾಸ. ಇಲ್ಲಿ ಐದನೇ ಮಹಡಿಯಲ್ಲಿ ಕೂತು ಕೂತು ಬೇಜಾರಾಗಿ ಹೋಗಿದೆ. ಟಿವಿ ಹಾಕಿದರೆ ನೋಡಲ್ಲ. ಬಾಲ್ಕನಿಯಲ್ಲಿ ನಿಂತು ಎದುರು ಮನೆಯವರು ಯಾವಾಗ ಬಟ್ಟೆ ಒಣಹಾಕಿದರು, ಯಾವಾಗ ತೆಗೆದರು ಅಂತ ಲೆಕ್ಕ ಇಡ್ತಾರೆ. ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಒಂದು ಸಣ್ಣ ಕೆರೆ ಸುತ್ತ ನಡೆದು, ಹಾಗೇ ತಿಂಡಿ ತಿಂದು ಬರೋಣ ಅಂತ ಪ್ಲ್ಯಾನ್. ಅಮ್ಮನಿಗೆ ಎಡ ಮಂಡಿ ನೋವು. ಮಗಳಿಗೆ ನಾಲ್ಕು ವರ್ಷ, ನಡೆದರೆ ನಡೆದಳು, ಇಲ್ಲಾಂದ್ರೆ ಅಲ್ಲೇ ಕೂತುಬಿಡ್ತಾಳೆ. ಹೆಂಡತಿ ಲಾಲ್‌ಬಾಗ್ ಅಂತಾಳೆ, ಬಾಮೈದ ಕಬ್ಬನ್ ಪಾರ್ಕ್ ಅಂತಾನೆ. ನನಗೆ ಸ್ಯಾಂಕಿ ಅನ್ನಿಸ್ತಿದೆ, ಆದರೆ ಮದುವೆಗೆ ಮುಂಚೆ ಹೋಗಿದ್ದು ಬಿಟ್ಟರೆ ಆ ಕಡೆ ತಲೆ ಹಾಕಿಲ್ಲ. ಈಗ ಹೇಗಿದೆ? ಪೂರ್ತಿ ಸುತ್ತೋಕೆ ಎಷ್ಟು ಹೊತ್ತು ಬೇಕು?

ವೈಯಾಲಿಕಾವಲ್ ವಾಸಿ:
ಧಾರಾಳವಾಗಿ ಹೋಗಿ. ಒಂದು ಸುತ್ತು ಸುಮಾರು 1.7 ಕಿಲೋಮೀಟರ್. ಒಬ್ಬರೇ ನಡೆದರೆ ಇಪ್ಪತ್ತು ನಿಮಿಷ. ನಿಮ್ಮ ತಂಡಕ್ಕೆ ಒಂದು ಗಂಟೆ ಅಂತಿಟ್ಟುಕೊಳ್ಳಿ. ದಾರಿ ಸಮತಟ್ಟು, ಕಲ್ಲುಹಾಸು ಇದೆ, ನೀರಿನ ಕಡೆ ಕಂಬಿ ಇದೆ, ಕೂರೋಕೆ ಬೆಂಚುಗಳಿವೆ. ಲಾಲ್‌ಬಾಗ್ ಚೆನ್ನಾಗಿಲ್ಲ ಅಂತಲ್ಲ, ಆದರೆ ಅದು 240 ಎಕರೆ. ಕೆರೆ ಹತ್ತಿರ ಹೋಗುವಷ್ಟರಲ್ಲೇ ಅಮ್ಮನ ಮಂಡಿ ಮಾತಾಡೋಕೆ ಶುರು ಮಾಡುತ್ತೆ.

ಒಂದು ವಿಷಯ ಮಾತ್ರ ತಲೆಯಲ್ಲಿರಲಿ. ಕೆರೆ ಸುತ್ತೋದರಲ್ಲಿ ಶಾರ್ಟ್‌ಕಟ್ ಅನ್ನೋದೇ ಇಲ್ಲ. ಅರ್ಧ ಸುತ್ತು ಮುಗಿಸಿದ ಮೇಲೆ ಮಗು "ಎತ್ಕೋ" ಅಂದರೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಹಾಗಾಗಿ ಕಾಲು ಭಾಗ ನಡೆದ ಮೇಲೆ ಒಂದು ಬೆಂಚಿನಲ್ಲಿ ಕೂತು ಅಮ್ಮನನ್ನ ಕೇಳಿ. ಸಾಕು ಅಂದರೆ ಅಲ್ಲಿಂದಲೇ ವಾಪಸ್. "ಇನ್ನೇನು ಬಂದೇ ಬಿಡ್ತು" ಅಂತ ಸುಳ್ಳು ಹೇಳಿ ಎಳ್ಕೊಂಡು ಹೋಗಬೇಡಿ. ಪೂರ್ತಿ ಸುತ್ತಲೇಬೇಕು ಅಂತ ಯಾವ ಹರಕೆಯೂ ಇಲ್ಲವಲ್ಲ.

ಏರಿ ರಸ್ತೆ (ಕೆರೆ ಕಟ್ಟೆ ಮೇಲಿನ ರಸ್ತೆ) ಪಕ್ಕದ ಭಾಗದಲ್ಲಿ ಬಸ್ಸು, ಹಾರ್ನು ಗಲಾಟೆ ಇದ್ದೇ ಇರುತ್ತೆ. ಅದನ್ನ ಮೊದಲೇ ಮುಗಿಸಿಬಿಡಿ. ಒಳಗಿನ ದಂಡೆಗೆ ಹೋದ ಮೇಲೆ ನೆರಳು ಜಾಸ್ತಿ, ಸದ್ದು ಕಮ್ಮಿ. ಮಧ್ಯಾಹ್ನ ಗೇಟ್ ಮುಚ್ಚುತ್ತಾರೆ. ಸಮಯ ಆಗಾಗ ಬದಲಾಗುತ್ತೆ, ಗೇಟಿನ ಬೋರ್ಡ್ ನೋಡಿಕೊಳ್ಳಿ.

ಸ್ಪೀಡ್ ವಾಕರ್:
ಹೋಗಿ ಸ್ವಾಮಿ, ಬೇಡ ಅನ್ನಲ್ಲ. ಒಂದೇ ವಿನಂತಿ. ಐದು ಜನ ಸಾಲಾಗಿ ದಾರಿ ತುಂಬ ಹರಡಿಕೊಂಡು ನಡೆಯಬೇಡಿ. ಭಾನುವಾರ ಬಂತು ಅಂದ್ರೆ ಇದೇ ಕತೆ. ಹಿಂದಿನಿಂದ "ಎಕ್ಸ್‌ಕ್ಯೂಸ್ ಮೀ" ಅಂದ್ರೆ ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ, ಮಗು ನಡುವೆ. ಅದರ ಮೇಲೆ ಸೆಲ್ಫಿ.

ಏಳನೇ ಕ್ರಾಸ್:
@ಸ್ಪೀಡ್ ವಾಕರ್ ನಿಮ್ಮಂಥವರಿಗೆ ಟ್ರೆಡ್‌ಮಿಲ್ ಅಂತ ಒಂದು ವಸ್ತು ಮಾರ್ಕೆಟ್‌ನಲ್ಲಿ ಸಿಗುತ್ತೆ. ನಮ್ಮಮ್ಮನ ಹೆಗಲಿಗೆ ಒಬ್ಬರು ಡಿಕ್ಕಿ ಹೊಡೆದುಕೊಂಡು ಹೋದರು, ತಿರುಗಿ ಕೂಡ ನೋಡಲಿಲ್ಲ, ಕಿವಿಯಲ್ಲಿ ಇಯರ್‌ಫೋನ್. ಪಾರ್ಕು ಎಲ್ಲರದ್ದೂ ಅಲ್ವಾ?

ಸ್ಪೀಡ್ ವಾಕರ್:
ಡಿಕ್ಕಿ ಹೊಡೆದವನು ನಾನಲ್ಲ. ನನಗೆ ಶುಗರ್ ಇದೆ. ಡಾಕ್ಟರು ಬಿರುಸಾಗಿ ನಡೀರಿ, ಸುಮ್ನೆ ಅಡ್ಡಾಡಿದರೆ ಲೆಕ್ಕಕ್ಕಿಲ್ಲ ಅಂದಿದ್ದಾರೆ. ಮನೆ ಹತ್ತಿರ ಫುಟ್‌ಪಾತ್ ಇದ್ದಿದ್ದರೆ ಅಲ್ಲೇ ನಡೀತಿದ್ದೆ. ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಸ್ಕೂಟರ್, ಅದರ ಪಕ್ಕ ಕಸ. ಹಾಗಾಗಿ ಎಲ್ಲರೂ ಇದೇ 1.7 ಕಿಲೋಮೀಟರ್‌ಗೆ ಬಂದು ಬೀಳ್ತೀವಿ. ಒಂದು ಅಂಚು ಬಿಟ್ಟುಕೊಡಿ ಅಂದೆ, ಬರಬೇಡಿ ಅನ್ನಲಿಲ್ಲ.

ವೈಯಾಲಿಕಾವಲ್ ವಾಸಿ:
ಇಬ್ಬರದೂ ಸರಿ. ಏಳರ ಹೊತ್ತಿಗೆ ವಾಕಿಂಗ್‌ನವರ ರಶ್ ಜೋರು. ಎಂಟೂವರೆ ದಾಟಿದ ಮೇಲೆ ಅವರೆಲ್ಲ ಕಾಫಿಗೆ ಹೋಗಿರ್ತಾರೆ. ಆಗ ಹೋದರೆ ಯಾರಿಗೂ ಯಾರೂ ಅಡ್ಡ ಇಲ್ಲ. ಬಿಸಿಲು ಸ್ವಲ್ಪ ಇರುತ್ತೆ, ಒಂದು ಟೋಪಿ ಹಾಕಿ ಅಷ್ಟೇ. ನೀರಿನ ಕಡೆಯ ಅಂಚು ಹಿಡಿದುಕೊಳ್ಳಿ, ಮಗುವಿಗೂ ನೋಡೋಕೆ ಅದೇ ಕಡೆ ಬೇಕು.

ಬೆಳ್ಳಕ್ಕಿ:
ಮಗುವನ್ನ ನಡೆಸೋಕೆ ನನ್ನ ಹತ್ತಿರ ಒಂದು ಉಪಾಯ ಇದೆ, ಹಕ್ಕಿ. ಹೆಸರೆಲ್ಲ ಹೇಳಿಕೊಡೋಕೆ ಹೋಗಬೇಡಿ, ಪಾಠ ಅನ್ನಿಸಿದ ತಕ್ಷಣ ಮಕ್ಕಳು ಓಡಿಹೋಗ್ತಾವೆ. "ಯಾರು ಏನು ಮಾಡ್ತಿದ್ದಾರೆ ನೋಡು" ಅಂತ ಮಾತ್ರ ಕೇಳಿ.

ನೀರುಕಾಗೆ ಕಲ್ಲಿನ ಮೇಲೋ ಕೊಂಬೆ ಮೇಲೋ ರೆಕ್ಕೆ ಎರಡೂ ಬಿಚ್ಚಿ ನಿಂತಿರುತ್ತೆ. ಅದರ ರೆಕ್ಕೆ ಬಾತುಕೋಳಿ ರೆಕ್ಕೆಯ ಹಾಗಲ್ಲ, ನೀರು ಹಿಡಿಯುತ್ತೆ. ನೀರು ಹಿಡಿಯೋದರಿಂದಲೇ ಸಲೀಸಾಗಿ ಮುಳುಗಿ ಮೀನು ಹಿಡಿಯೋಕೆ ಆಗೋದು. ಆಮೇಲೆ ಹೀಗೆ ಒಣಗಿಸಿಕೊಳ್ಳಬೇಕು. ಗುಳುಮುಳುಕ ಅಂತ ಮುಷ್ಟಿಯಷ್ಟು ಹಕ್ಕಿ ಇದೆ, ಇಲ್ಲಿ ಮುಳುಗಿ ಇನ್ನೆಲ್ಲೋ ಏಳುತ್ತೆ. ಎಲ್ಲಿ ಏಳುತ್ತೆ ಅಂತ ಬೆಟ್ ಕಟ್ಟಿ, ಮಕ್ಕಳು ಅಲ್ಲಾಡಲ್ಲ. ಹಣೆ ಮೇಲೆ ಬಿಳಿ ಪಟ್ಟಿ ಇರೋ ಕಪ್ಪು ಹಕ್ಕಿ ಕಂಡರೆ ಅದು ನಾಮದಕೋಳಿ. ಬಾತುಕೋಳಿ ಅಂತ ಎಲ್ಲರೂ ಅಂದುಕೊಳ್ತಾರೆ, ಅಲ್ಲ.

ನನಗೆ ಬಹಳ ಇಷ್ಟ ಕೊಳದ ಬಕ. ದಂಡೆಯ ಕೆಸರಲ್ಲಿ, ಕೆಸರಿನದೇ ಬಣ್ಣದಲ್ಲಿ ಕತ್ತು ಒಳಗೆ ಎಳೆದುಕೊಂಡು ಕೂತಿರುತ್ತೆ. ಎರಡು ಮಾರು ದೂರದಲ್ಲಿದ್ದರೂ ಕಾಣಲ್ಲ. ಹತ್ತಿರ ಹೋದರೆ ಪಟ್ಟನೆ ಹಾರುತ್ತೆ, ಹಾರಿದಾಗ ನೋಡಿದರೆ ರೆಕ್ಕೆ ಪೂರ್ತಿ ಬಿಳಿ! ಮತ್ತೆ ಇಳಿದು ರೆಕ್ಕೆ ಮಡಚಿದರೆ ಮಾಯ. ನಮ್ಮ ಮನೆ ಹುಡುಗ ಇದನ್ನ ನೋಡಿ "ಬಟ್ಟೆ ಬದಲಾಯಿಸ್ತು" ಅಂದ. ಬೈನಾಕ್ಯುಲರ್ ಏನೂ ಬೇಡ.

ಕೋಡಿ ಬಿತ್ತು:
ತಿಪಟೂರು ಕಡೆಯ ಅಮ್ಮ ಅಂದಿರಲ್ಲ, ಅವರಿಗೆ ಕೆರೆಯ ಇತಿಹಾಸ ಇಷ್ಟ ಆಗಬಹುದು. ನಾನು ಸಿವಿಲ್ ಎಂಜಿನಿಯರ್, ಈಗ ರಿಟೈರ್ ಆಗಿದ್ದೇನೆ, ಕೊರೆಯೋದು ಸ್ವಲ್ಪ ಜಾಸ್ತಿ, ಬೇಡದವರು ಮುಂದಿನ ಕಾಮೆಂಟಿಗೆ ಹೋಗಿ.

ಈ ಕೆರೆ ವಾಕಿಂಗ್‌ಗೆ ಅಂತ ಮಾಡಿದ್ದಲ್ಲ. 1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ಭೀಕರ ಬರ ಬಂತಲ್ಲ, ಅದಾದ ಮೇಲೆ ನೀರಿಗೆ ಆಧಾರ ಬೇಕು ಅಂತ 1882ರಲ್ಲಿ ಕಟ್ಟಿದ್ದು. ಹೆಸರು ಬಂದಿದ್ದು ರಿಚರ್ಡ್ ಸ್ಯಾಂಕಿ ಅನ್ನೋ ಎಂಜಿನಿಯರ್‌ನಿಂದ. ಮೈಸೂರು ಸಂಸ್ಥಾನಕ್ಕೆ ಚೀಫ್ ಎಂಜಿನಿಯರ್ ಆಗಿದ್ದವನು, 1870ರಲ್ಲಿ ಕಬ್ಬನ್ ಪಾರ್ಕ್ ಮಾಡಿಸಿದವನೂ ಅವನೇ. ಪಕ್ಕದಲ್ಲಿ ಸರ್ಕಾರದ ಗಂಧದ ಡಿಪೋ ಇದ್ದಿದ್ದರಿಂದ ಗಂಧದ ಕೋಠಿ ಕೆರೆ ಅಂತಲೂ ಕರೀತಿದ್ದರು. ನೀರಿನ ಹರವು 15 ಹೆಕ್ಟೇರ್, ಅಂದರೆ ಸುಮಾರು 37 ಎಕರೆ. ಊರ ಕಡೆಯ ಕೆರೆಗಳ ಮುಂದೆ ಇದು ಚಿಕ್ಕದೇ.

ಕೆರೆ ಕಟ್ಟಿದಾಗ ಈಗಿನ ಮಲ್ಲೇಶ್ವರ ಬಡಾವಣೆ ಇರಲಿಲ್ಲ. 1898ರಲ್ಲಿ ಪೇಟೆಯಲ್ಲಿ ಪ್ಲೇಗ್ ಬಂದ ಮೇಲೆ ಜನ ಈ ಕಡೆ ಬಂದು ಮನೆ ಕಟ್ಟಿದರು. ಅಷ್ಟು ಹೊತ್ತಿಗೆ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬರೋಕೆ ಶುರುವಾಗಿ ಊರೊಳಗಿನ ಕೆರೆಗಳನ್ನ ಕೇಳೋರೇ ಇಲ್ಲದ ಹಾಗಾಯಿತು. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಸ್ಟೇಡಿಯಂ. ಇದು ಹೇಗೋ ಉಳಿಯಿತು. ಹಾಗಂತ ನೆಮ್ಮದಿಯಾಗಿ ಇಲ್ಲ. 2011ರಲ್ಲಿ ರಸ್ತೆ ಅಗಲ ಮಾಡೋಕೆ ಮರ ಕಡಿದಾಗ ಗಲಾಟೆ ಆಯಿತು. 2023ರಲ್ಲಿ ಏರಿ ರಸ್ತೆಗೆ ಫ್ಲೈಓವರ್ ಅಂದಾಗ ಮಲ್ಲೇಶ್ವರ, ಸದಾಶಿವನಗರದವರು ಮತ್ತೆ ಬೀದಿಗಿಳಿದರು, ವಯಸ್ಸಾದವರಿಂದ ಹಿಡಿದು ಸ್ಕೂಲ್ ಮಕ್ಕಳವರೆಗೆ.

ಅಮ್ಮನನ್ನ ಏರಿ ಮೇಲೆ ನಿಲ್ಲಿಸಿ, ತೂಬು (ನೀರು ಬಿಡೋ ಕಿಂಡಿ) ಎಲ್ಲಿರಬಹುದು, ಕೋಡಿ (ಕೆರೆ ತುಂಬಿದಾಗ ನೀರು ಹೊರಹೋಗೋ ಜಾಗ) ಎಲ್ಲಿರಬಹುದು ಅಂತ ಕೇಳಿ ನೋಡಿ. ಪಕ್ಕದಲ್ಲಿ ಬಿಎಂಟಿಸಿ ಓಡ್ತಿರೋದರಿಂದ ನಮಗೆಲ್ಲ ಅದು ರಸ್ತೆ ಥರ ಕಾಣುತ್ತೆ. ಊರವರಿಗೆ ಅದು ಏರಿ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ.

ಸೌತ್ ಎಂಡ್:
ಲಾಲ್‌ಬಾಗ್ ಪರ ಮಾತಾಡೋರು ಯಾರೂ ಇಲ್ವಾ? ಮೇನ್ ಗೇಟಿನಿಂದ ಹೋದರೆ ದೂರ, ಒಪ್ಪುತ್ತೇನೆ. ಮೆಟ್ರೋ ಸ್ಟೇಷನ್ ಕಡೆಯ ಗೇಟಿನಿಂದ ಒಳಗೆ ಹೋದರೆ ಅಷ್ಟು ಕಷ್ಟ ಇಲ್ಲ. ಮಕ್ಕಳಿಗೆ ಬಂಡೆ ಹತ್ತೋ ಖುಷಿ ಬೇರೆ, 300 ಕೋಟಿ ವರ್ಷ ಹಳೇ ಬಂಡೆ. ಸ್ಯಾಂಕಿಯಲ್ಲಿ ಏನಿದೆ, ಕಂಬಿ ಹಿಡ್ಕೊಂಡು ನೀರು ನೋಡೋದು.

ಏಳನೇ ಕ್ರಾಸ್:
ಮಂಡಿ ನೋವಿನ ಅಮ್ಮನಿಗೆ ಬಂಡೆ ಹತ್ತಿಸ್ತೀರಾ ಸಾರ್?

ಸೌತ್ ಎಂಡ್:
ಅಮ್ಮ ಕೆಳಗೆ ಕೂರಲಿ, ಕಡಲೆಕಾಯಿ ತಿನ್ನಲಿ. ಆದರೆ ಒಂದು ಮಾತು, ಜನವರಿ, ಆಗಸ್ಟ್ ಫ್ಲವರ್ ಶೋ ಟೈಮಲ್ಲಿ ಮಾತ್ರ ನಾನೇ ಬೇಡ ಅಂತೀನಿ.

ಕಾರಂಜಿ:
ಮೈಸೂರಿಂದ ನಮಸ್ಕಾರ. ನಿಮ್ಮ ಜಗಳ ನೋಡಿ ನಗು ಬಂತು. ನಮ್ಮ ಕಾರಂಜಿ ಕೆರೆಗೆ ಬನ್ನಿ. ಝೂನವರೇ ನೋಡಿಕೊಳ್ತಾರೆ, ಒಳಗೇ ಹೋಗಿ ನಡೆದಾಡೋ ದೊಡ್ಡ ಪಕ್ಷಿಮನೆ ಇದೆ, ಚಿಟ್ಟೆ ಪಾರ್ಕ್ ಇದೆ, ದೋಣಿ ಇದೆ. ಟಿಕೆಟ್ ಇರೋದರಿಂದ ಬಿರುಸು ನಡಿಗೆಯವರ ಕಾಟ ಕಮ್ಮಿ. ಮಂಗಳವಾರ ರಜಾ.

ಸಾಧನಕೇರಿ ಹುಡುಗಿ:
ಧಾರವಾಡದ ಸಾಧನಕೇರಿನೂ ಲೆಕ್ಕಕ್ಕೆ ತಗೊಳ್ಳಿ. ಬೇಂದ್ರೆ ಅಜ್ಜನ ಮನೆ ಅಲ್ಲೇ ಇದೆ. ಕೆರೆ ಸಣ್ಣದು, ಸುತ್ತಿ ಮುಗಿಸೋಕೆ ಹೊತ್ತೇ ಬೇಡ. ಹಾಗಾಗಿ ಯಾರಿಗೂ ಅವಸರ ಇರಲ್ಲ. ಮಿರ್ಚಿ ಭಜಿ ತಿಂದು ಇನ್ನೊಂದು ಸುತ್ತು.

ಭಾನುವಾರದ ಅಪ್ಪ:
ಹೋಗಿ ಬಂದೆವು! ಎಂಟೂವರೆ ಅಂದಿದ್ದಕ್ಕೆ ಥ್ಯಾಂಕ್ಸ್, ನಿಜಕ್ಕೂ ಖಾಲಿ ಇತ್ತು.

ಮಗಳು ಗುಳುಮುಳುಕಕ್ಕೆ ಮರುಳಾಗಿ ಮೊದಲ ಅರ್ಧ ಗಂಟೆ ಗೇಟಿನಿಂದ ನೂರು ಅಡಿ ಕೂಡ ದಾಟಲಿಲ್ಲ. ಆಮೇಲೆ ದಾರಿಯಲ್ಲಿ ನೀರುಕಾಯಿ ಮೊಗ್ಗು ಬಿದ್ದಿತ್ತು. ಅಮ್ಮ ಅದನ್ನ ಎತ್ತಿ, ತುದಿ ಚಿವುಟಿ, ಪಿಚಕ್ ಅಂತ ನೇರ ಬಾಮೈದನ ಕನ್ನಡಕಕ್ಕೆ ಹೊಡೆದರು. ಅವನು ಕಬ್ಬನ್ ಪಾರ್ಕ್ ಅಂದವನು. ಮಗಳು ನಕ್ಕಿದ್ದೇ ನಕ್ಕಿದ್ದು. ಅಲ್ಲಿಂದ ಮುಂದೆ ಅವಳು ನೆಲ ನೋಡಿಕೊಂಡೇ ನಡೆದಳು, ಎತ್ಕೋ ಅನ್ನಲೇ ಇಲ್ಲ.

ಏರಿ ಮೇಲೆ ಅಮ್ಮನಿಗೆ ತೂಬಿನ ಪ್ರಶ್ನೆ ಕೇಳಿದೆ. ಸುತ್ತ ಒಮ್ಮೆ ನೋಡಿ, "ನೀರು ಆ ಕಡೆಯಿಂದ ಬರಬೇಕು, ಇಲ್ಲಿ ಆಳ ಜಾಸ್ತಿ, ತೂಬು ಇದೇ ಏರಿಯಲ್ಲಿ ಎಲ್ಲೋ ಇರಬೇಕು" ಅಂದರು. ಅಷ್ಟಕ್ಕೇ ನಿಲ್ಲಲಿಲ್ಲ. "ಇದರ ಕೆಳಗೆ ಗದ್ದೆ ಯಾರದ್ದು?" ಅಂತ ಕೇಳಿದರು. ರಸ್ತೆ ಆಚೆ ಇರೋ ಮನೆಗಳನ್ನ ತೋರಿಸಿದೆ. "ಅಂದ್ರೆ ಇವರೆಲ್ಲ ಅಚ್ಚುಕಟ್ಟಲ್ಲಿ ಮನೆ ಕಟ್ಟಿದ್ದಾರೆ" ಅಂತ ತಲೆ ಆಡಿಸಿದರು. ಅಚ್ಚುಕಟ್ಟು ಅಂದರೆ ಕೆರೆ ನೀರು ಹಾಯೋ ಗದ್ದೆ ಬಯಲು. ಪಕ್ಕದ ಬೆಂಚಿನಲ್ಲಿ ಚನ್ನರಾಯಪಟ್ಟಣ ಕಡೆಯ ಒಬ್ಬ ಅಜ್ಜಿ ಸಿಕ್ಕರು, ಅವರೂ ಮಗನ ಮನೆಗೆ ಬಂದವರೇ. ಕೊಬ್ಬರಿ ರೇಟಿನಿಂದ ಶುರುವಾದ ಮಾತು ಮುಗಿಯಲೇ ಇಲ್ಲ. ಕೊನೆಗೆ ಅಮ್ಮನನ್ನ ಅಲ್ಲೇ ಬಿಟ್ಟು ನಾವು ಉಳಿದ ಸುತ್ತು ಮುಗಿಸಿ ಬಂದೆವು. ಮಂಡಿ ನೋವು? ಆ ವಿಷಯವೇ ಬರಲಿಲ್ಲ.

ಒಂದು ಪ್ರಶ್ನೆ. ಮಗಳಿಗೆ ಅಂತ ಕಡಲೆಪುರಿ ತಗೊಂಡು ಹೋಗಿದ್ದೆ. ಮೀನಿಗೆ ಒಂದು ಹಿಡಿ ಹಾಕೋಣ ಅಂತ ಕೈ ಎತ್ತಿದ್ದೇ ತಡ, ಗಾರ್ಡ್ ದೂರದಿಂದ ವಿಷಲ್ ಊದಿದರು. ಅಮ್ಮನಿಗೆ ಬೇಜಾರಾಯಿತು, ಊರಲ್ಲಿ ಕಲ್ಯಾಣಿ ಮೀನಿಗೆ ಪುರಿ ಹಾಕೋದು ಪುಣ್ಯ ಅಂತಾರೆ. ಒಂದು ಹಿಡಿ ಪುರಿಯಿಂದ ಏನಾಗುತ್ತೆ?

ಕೋಡಿ ಬಿತ್ತು:
ಅಚ್ಚುಕಟ್ಟು ಅಂದರಾ! ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಪುರಿ ವಿಷಯ. ನಿಮ್ಮ ಒಂದು ಹಿಡಿಯಿಂದ ಏನೂ ಆಗಲ್ಲ. ಭಾನುವಾರ ಬಂದವರೆಲ್ಲ ಒಂದೊಂದು ಹಿಡಿ, ಕೆಲವರು ಬ್ರೆಡ್ ಪ್ಯಾಕೆಟ್ಟು, ಕೆಲವರು ದೇವರ ಹೂವು ಅಂತ ಹಾಕ್ತಾರಲ್ಲ, ತೊಂದರೆ ಅಲ್ಲಿರೋದು. ಮೀನು ತಿನ್ನದೆ ಬಿಟ್ಟಿದ್ದು ತಳಕ್ಕಿಳಿದು ಕೊಳೆಯುತ್ತೆ. ಕೊಳೆಸೋ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕ ಎಳೆದುಕೊಳ್ಳುತ್ತವೆ. ಜೊತೆಗೆ ಅದೇ ಗೊಬ್ಬರ ಆಗಿ ಪಾಚಿ ಬೆಳೆಯುತ್ತೆ. ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಕೊಡುತ್ತೆ, ಸರಿ. ರಾತ್ರಿ ಅದೂ ಉಸಿರಾಡಬೇಕಲ್ಲ, ಆಗ ಅದೇ ಎಳೆದುಕೊಳ್ಳುತ್ತೆ. ಹಾಗಾಗಿ ಇಂಥ ನೀರಲ್ಲಿ ಬೆಳಗಿನ ಜಾವ ಆಮ್ಲಜನಕ ಎಲ್ಲಕ್ಕಿಂತ ಕಮ್ಮಿ.

ಬೆಳಿಗ್ಗೆ ಬೇಗ ಹೋದಾಗ ಮೀನುಗಳು ಗುಂಪಾಗಿ ಮೇಲೆ ಬಂದು ಬಾಯಿ ತೆಗೆದು ತೆಗೆದು ಮುಚ್ಚುತ್ತಿದ್ದರೆ "ಅಯ್ಯೋ ಹಸಿವು" ಅಂತ ಜನ ಇನ್ನಷ್ಟು ಪುರಿ ಹಾಕ್ತಾರೆ. ಎಷ್ಟೋ ಸಲ ಅದು ಹಸಿವಲ್ಲ, ಉಸಿರಿಗೆ ಒದ್ದಾಟ. ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯೋದು ಕಮ್ಮಿ. ಅದರ ಮೇಲೆ ಮೊದಲ ಮಳೆ ಬಂದು ರಸ್ತೆ ಕೊಳೆ, ಚರಂಡಿ ನೀರು ನುಗ್ಗಿದರೆ ಮುಗೀತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು.

ಏಳನೇ ಕ್ರಾಸ್:
ಚರಂಡಿ ನೀರು ಬಿಡೋರನ್ನ ಹಿಡಿಯೋಕೆ ಆಗಲ್ಲ, ಪುರಿ ಹಾಕೋ ಮಗುವಿಗೆ ವಿಷಲ್ ಊದ್ತಾರೆ. ಇದು ನ್ಯಾಯಾನಾ?

ಬೆಳ್ಳಕ್ಕಿ:
ನ್ಯಾಯ ಅಲ್ಲ. ಹಾಗಂತ ಎರಡನ್ನೂ ಬಿಡಬೇಕಾ? ಗಣೇಶ ಬಿಡೋಕೆ ಅಂತ ಪಕ್ಕದಲ್ಲಿ ಬೇರೆ ಕಲ್ಯಾಣಿ ಮಾಡಿದ ಮೇಲೆ ಜನ ಅಲ್ಲಿಗೇ ಹೋಗ್ತಾರೆ. ಮೊದಲು ಅದಕ್ಕೂ ಇದೇ ಮಾತು ಬಂದಿತ್ತು, "ನಮ್ಮ ಒಂದು ಗಣೇಶನಿಂದ ಏನಾಗುತ್ತೆ" ಅಂತ. ಮಗುವಿಗೆ ಏನಾದರೂ ಹಾಕಲೇಬೇಕು ಅನ್ನಿಸಿದರೆ ಮನೆ ಟೆರೇಸ್ ಮೇಲೆ ಬಟ್ಟಲಲ್ಲಿ ನೀರಿಡಿ, ಬೇಸಿಗೆಯಲ್ಲಿ ಹಕ್ಕಿ ಬಂದು ಕುಡಿಯುತ್ತೆ. ಪುರಿ ನೀವೇ ತಿನ್ನಿ, ಈರುಳ್ಳಿ ಟೊಮ್ಯಾಟೊ ಹಾಕಿ.

ಸ್ಪೀಡ್ ವಾಕರ್:
@ಭಾನುವಾರದ ಅಪ್ಪ ಎಂಟೂವರೆಗೆ ಹೋಗಿದ್ದಕ್ಕೆ ವಾಕಿಂಗ್ ಸಂಘದ ಪರವಾಗಿ ಧನ್ಯವಾದ. (ಸಂಘ ಅಂತೇನೂ ಇಲ್ಲ, ನಾನೊಬ್ಬನೇ.) ನೀರುಕಾಯಿ ಕತೆ ಮನೆಯಲ್ಲಿ ಹೇಳಿದೆ. ಚಿಕ್ಕವರಿದ್ದಾಗ ಸ್ಕೂಲಲ್ಲಿ ಮೇಷ್ಟ್ರ ಬೆನ್ನಿಗೆ ಹೊಡೆದು ಬೆಂಚ್ ಮೇಲೆ ನಿಂತಿದ್ದೆ. ಮರ ಯಾವ ಕಡೆ ಇದೆ ಅಂತ ಹೇಳಿ, ದಿನಾ ಸುತ್ತುತ್ತೇನೆ, ಒಮ್ಮೆಯೂ ಕಣ್ಣಿಗೆ ಬಿದ್ದಿಲ್ಲ.

ಭಾನುವಾರದ ಅಪ್ಪ:
ಒಳಗಿನ ದಂಡೆ ಕಡೆ. ನೀವು ಬಿರುಸಾಗಿ ಹೋಗ್ತೀರಲ್ಲ, ಕಾಣಲ್ಲ ಬಿಡಿ :)

ಹೊಸ ಅಮ್ಮ:
ನಾನು ಈ ಚರ್ಚೆ ಈಗ ಓದಿದೆ. ನಮಗೆ ಏಳು ತಿಂಗಳ ಮಗು, ಸ್ಟ್ರಾಲರ್ ತಳ್ಳಿಕೊಂಡು ಹೋಗಬಹುದಾ? ನಮ್ಮತ್ತೆಯೂ ಬರ್ತಾರೆ. ಆಮೇಲೆ ತಿಂಡಿಗೆ ಎಲ್ಲಿ? ಅತ್ತೆಗೆ ತುಂಬಾ ಹೊತ್ತು ನಿಲ್ಲೋಕಾಗಲ್ಲ.

ವೈಯಾಲಿಕಾವಲ್ ವಾಸಿ:
ಒಳಗೆ ಸ್ಟ್ರಾಲರ್ ಆರಾಮಾಗಿ ಹೋಗುತ್ತೆ. ಅಲ್ಲಲ್ಲಿ ಮರದ ಬೇರು ಕಲ್ಲನ್ನ ಎತ್ತಿರುತ್ತೆ, ಅಲ್ಲಿ ಮಾತ್ರ ಮುಂದಿನ ಚಕ್ರ ಎತ್ತಿ ದಾಟಿಸಿ. ಕಷ್ಟ ಇರೋದು ಹೊರಗೆ, ರಸ್ತೆ ದಾಟುವಾಗ. ಗೇಟಿನ ಎದುರಿಗೇ ಆಟೋದಿಂದ ಇಳಿದುಬಿಡಿ. ಮಳೆ ಬಂದ ಮಾರನೇ ದಿನ ಬೇಡ, ಕಲ್ಲು ಜಾರುತ್ತೆ. ಸಂಜೆ ಹೋದರೆ ಸೊಳ್ಳೆ ಇರುತ್ತೆ, ಮಗುವಿಗೆ ಪೂರ್ತಿ ತೋಳಿನ ಬಟ್ಟೆ ಹಾಕಿ.

ತಿಂಡಿಗೆ 15ನೇ ಕ್ರಾಸ್ ವೀಣಾ ಸ್ಟೋರ್ಸ್ ಹತ್ತಿರ, ಇಡ್ಲಿ ಚಟ್ನಿಗೆ ಅದನ್ನ ಮೀರಿಸೋರಿಲ್ಲ, ಆದರೆ ಅಲ್ಲಿ ನಿಂತೇ ತಿನ್ನಬೇಕು. ಅತ್ತೆಗೆ ಆಗಲ್ಲ. ಮಲ್ಲೇಶ್ವರದ ಸಿಟಿಆರ್ ಹೋಟೆಲಲ್ಲಿ ಕೂತು ತಿನ್ನಬಹುದು, ಬೆಣ್ಣೆ ಮಸಾಲೆ ಸಿಗುತ್ತೆ, ಆದರೆ ಭಾನುವಾರ ಕೂರೋಕೆ ಮುಂಚೆ ಬಾಗಿಲಲ್ಲಿ ಕಾಯಬೇಕು. ನಾನಾಗಿದ್ದರೆ ಏನು ಮಾಡ್ತಿದ್ದೆ ಅಂದರೆ, ಅತ್ತೆ ಮತ್ತು ಮಗು ಕೆರೆ ಬೆಂಚಲ್ಲೇ ಇರಲಿ, ಒಬ್ಬರು ಹೋಗಿ ವೀಣಾದಿಂದ ಇಡ್ಲಿ ಪಾರ್ಸಲ್ ತರಲಿ, ಗೇಟಿನ ಹೊರಗೆ ಕಾರಲ್ಲಿ ಕೂತು ತಿನ್ನಿ. ಒಳಗೆ ತಿಂಡಿ ತಿನ್ನೋಕೆ ಬಿಡಲ್ಲ.

ಹೊಸ ಅಮ್ಮ:
ಕಾರಿಲ್ಲ, ಆಟೋ.

ಏಳನೇ ಕ್ರಾಸ್:
ಹಾಗಾದ್ರೆ ವಾರದ ದಿನ ಸಿಟಿಆರ್‌ಗೆ ಹೋಗಿ. ಬುಧವಾರ, ಗುರುವಾರ ಹತ್ತರ ಹೊತ್ತಿಗೆ ಹೋದರೆ ಕಾಯೋದು ಕಮ್ಮಿ. ಅತ್ತೆಗೆ ಗೋಡೆ ಪಕ್ಕದ ಸೀಟು ಹಿಡಿಯಿರಿ.